ರಾಜ್ಯದ ಬೊಕ್ಕಸವೂ ಬರಗಾಲದ ಲೆಕ್ಕವೂ

(ಉಪನ್ಯಾಸದ ಪಾಠ)



ಜಾತ್ರೆಗೆ ಹದಿನೈದು ದಿನ ಮುಂಚಿತವಾಗಿಯೇ ಮಠದ ಉಗ್ರಾಣದಲ್ಲಿ ಲೆಕ್ಕಾಚಾರವು ನಡೆಯುವುದನ್ನು ಎಲ್ಲರೂ ಕಂಡಿರುವರು. ಹೋದ ವರ್ಷ ಪಂಕ್ತಿಗೆ ಕುಳಿತವರೆಷ್ಟು, ಈ ವರ್ಷದ ಮಳೆಬೆಳೆ ಹೇಗಿದೆ, ಅಕ್ಕಿ ಎಷ್ಟು ಬೇಕು, ಬೇಳೆ ಎಷ್ಟು ಬೇಕು, ಸೌದೆ ಎಷ್ಟು ಗಾಡಿ ಬೇಕು ಎಂದು ಉಗ್ರಾಣಿಕನು ಎಣಿಸುತ್ತಾನೆ. ಆದರೆ ಬಂದವರಿಗೆಲ್ಲ ಪ್ರಸಾದವು ಸಲ್ಲತಕ್ಕದ್ದೆಂಬ ನಿರ್ಣಯವನ್ನು ಮಾಡುವವನು ಅವನಲ್ಲ. ಆ ನಿರ್ಣಯವು ಅವನ ಎಣಿಕೆಗೆ ಮೊದಲೇ ಆಗಿರುತ್ತದೆ. ನಿರ್ಣಯವು ಮುಂದು, ಲೆಕ್ಕವು ಅದರ ಹಿಂದು. ಈ ಕ್ರಮವು ತಲೆಕೆಳಗಾಗಿ, ಉಗ್ರಾಣದಲ್ಲಿ ಇಷ್ಟು ಉಳಿಯಲೇಬೇಕು, ಆದುದರಿಂದ ಉಣ್ಣುವವರು ಇಷ್ಟೇ ಮಂದಿ ಇರತಕ್ಕದ್ದು ಎಂದು ಹೊರಟರೆ, ಲೆಕ್ಕದಲ್ಲಿ ಒಂದು ಕಾಸಿನ ತಪ್ಪೂ ಇಲ್ಲದಿರಬಹುದು. ಆದರೆ ಹಸಿದವನು ಬಾಗಿಲಿನಿಂದಲೇ ಹಿಂದಿರುಗುವನು. ರಾಜ್ಯದ ಆಯವ್ಯಯದ ವಿಷಯವೂ ಹೀಗೆಯೇ ಇದೆ. ಸರ್ಕಾರಗಳು ಅರ್ಥಶಾಸ್ತ್ರಜ್ಞರ ತಿಳಿವಳಿಕೆಯನ್ನು ಯಾವ ರೀತಿಯಲ್ಲಿ ಬಳಸಿಕೊಂಡವು, ಅದರಿಂದ ಪ್ರಜೆಗಳಿಗೆ ಒದಗಿದ ಹಿತಾಹಿತಗಳೇನು ಎಂಬುದನ್ನು ಬರಗಾಲದ ಚರಿತ್ರೆಯು ಬೇರೆ ಯಾವ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಹಿಂದೂದೇಶದ ಸರ್ಕಾರಕ್ಕೆ ಈಗಿನ ಕ್ರಮದ ಆಯವ್ಯಯ ಪತ್ರಿಕೆಯು ಮೊದಲು ದೊರೆತದ್ದು ೧೮೬೦ರಲ್ಲಿ. ಅದನ್ನು ಮಂಡಿಸಿದ ಜೇಮ್ಸ್ ವಿಲ್ಸನ್ನನು ಲಂಡನ್ನಿನ ‘ಎಕನಾಮಿಸ್ಟ್’ ಪತ್ರಿಕೆಯ ಸ್ಥಾಪಕನು; ವಾಣಿಜ್ಯ ಶಾಸ್ತ್ರದಲ್ಲಿ ಪಳಗಿದವನು. ಆ ಕಾಲದ ಅರ್ಥಶಾಸ್ತ್ರದಲ್ಲಿ ಧಾನ್ಯದ ವ್ಯಾಪಾರಕ್ಕೆ ಸರ್ಕಾರವು ಕೈಹಾಕಬಾರದೆಂಬ ಸಿದ್ಧಾಂತವು ಬಲವಾಗಿ ಬೇರೂರಿತ್ತು. ೧೭೭೬ರಲ್ಲಿ ಆಡಂ ಸ್ಮಿತ್ತನು ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ ಮಾತದು. ಬೆಲೆ ಏರಿದಲ್ಲಿಗೆ ವರ್ತಕನು ತಾನಾಗಿಯೇ ಧಾನ್ಯವನ್ನು ತರುವನು, ಸರ್ಕಾರವು ನಡುವೆ ಬಂದರೆ ಅವನು ಹಿಂದೆಗೆಯುವನು ಎಂಬುದು ಅದರ ಸಾರ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ವರ್ತಕನು ಹುಡುಕಿಕೊಂಡು ಹೋಗುವುದು ಹಸಿವನ್ನಲ್ಲ, ಹಣವನ್ನು. ಕೈಯಲ್ಲಿ ಕಾಸಿಲ್ಲದವನ ಹಸಿವು ಪೇಟೆಯ ಕಿವಿಗೆ ಬೀಳುವುದೇ ಇಲ್ಲ.

೧೮೬೬ರಲ್ಲಿ ಒರಿಸ್ಸಾ ಪ್ರಾಂತ್ಯದಲ್ಲಿ ಇದರ ಫಲವು ಕಂಡುಬಂದಿತು. ವ್ಯಾಪಾರವೇ ಧಾನ್ಯವನ್ನು ತರುವುದೆಂದು ಅಧಿಕಾರಿಗಳು ಕಾದು ಕುಳಿತರು. ಮಳೆಗಾಲವು ಬಂದು ಕಡಲ ದಾರಿಯೂ ನೆಲದ ದಾರಿಯೂ ಮುಚ್ಚಿಹೋದವು. ಸರ್ಕಾರವು ಎಚ್ಚತ್ತು ಅಕ್ಕಿಯನ್ನು ತರಿಸುವ ವೇಳೆಗೆ ಅದನ್ನು ಇಳಿಸುವುದಕ್ಕೆ ಅವಕಾಶವೇ ಉಳಿದಿರಲಿಲ್ಲ. ಹತ್ತು ಲಕ್ಷದಷ್ಟು ಜನರು ಮಡಿದರೆಂದು ಅಂದಾಜು.

ಈ ಕಳಂಕವು ಇನ್ನೂ ಮಾಸದೆ ಇರುವಾಗ ೧೮೭೩–೭೪ರಲ್ಲಿ ಬಿಹಾರಕ್ಕೆ ಬರ ಬಂದಿತು. ಆಗ ವೈಸರಾಯರಾಗಿದ್ದ ಲಾರ್ಡ್ ನಾರ್ತ್‌ಬ್ರೂಕರು ಜೀವಹಾನಿಯನ್ನು ತಡೆಯುವುದೇ ಮುಖ್ಯವೆಂದು ನಿಶ್ಚಯಿಸಿದರು. ಪರಿಹಾರ ಕಾರ್ಯದ ಭಾರವು ಸರ್ ರಿಚರ್ಡ್ ಟೆಂಪಲ್ಲನ ಮೇಲೆ ಬಿದ್ದಿತು. ಈತನು ಸಾಮಾನ್ಯನಲ್ಲ, ವೈಸರಾಯರ ಮಂಡಲಿಯಲ್ಲಿ ಹಣಕಾಸಿನ ಸದಸ್ಯನಾಗಿ ಹಲವು ವರ್ಷ ಆಯವ್ಯಯವನ್ನು ಮಂಡಿಸಿದವನು. ಆತನು ಬರ್ಮಾ ದೇಶದಿಂದ ಹಡಗುಗಟ್ಟಲೆ ಅಕ್ಕಿಯನ್ನು ತರಿಸಿದನು, ಗಾಡಿಗಳನ್ನು ಕೂಡಿಸಿದನು, ಊರೂರಿಗೆ ಧಾನ್ಯವನ್ನು ಮುಟ್ಟಿಸಿದನು. ಆರು ಕೋಟಿ ರೂಪಾಯಿಗಳಿಗೂ ಮಿಗಿಲಾಗಿ ವೆಚ್ಚವಾಯಿತು. ಹಸಿವಿನಿಂದ ಸತ್ತವರು ಅತಿ ಸ್ವಲ್ಪ ಮಂದಿ. ಮನುಷ್ಯರ ಪ್ರಾಣದ ದೃಷ್ಟಿಯಿಂದ ನೋಡಿದರೆ ಇದು ದೊಡ್ಡ ಜಯವೆಂದೇ ಎಣಿಸಬೇಕು. ಆದರೆ ಟೆಂಪಲ್ಲನಿಗೆ ದೊರೆತದ್ದು ಪ್ರಶಂಸೆಯಲ್ಲ, ನಿಂದೆ. ಬರವು ಅಷ್ಟು ಘೋರವಾಗಿರಲಿಲ್ಲವೆಂದೂ, ಅಕ್ಕಿಯು ಮಿಕ್ಕಿತೆಂದೂ, ಬೊಕ್ಕಸವನ್ನು ದುಂದು ಮಾಡಿದನೆಂದೂ ಪತ್ರಿಕೆಗಳವರೂ ಮೇಲಧಿಕಾರಿಗಳೂ ಆಕ್ಷೇಪಿಸಿದರು. ಜನರು ಸಾಯದೆ ಇದ್ದುದೇ, ಸಾವಿನ ಭಯವು ಸುಳ್ಳೆಂಬುದಕ್ಕೆ ಸಾಕ್ಷಿಯಾಗಿ ಪರಿಣಮಿಸಿತು. ಮುನ್ನೆಚ್ಚರಿಕೆಗೆ ಎಂದೆಂದಿಗೂ ಇರುವ ಕಷ್ಟವಿದೇ: ಅದು ಫಲಿಸಿದರೆ ಅದರ ಅವಶ್ಯಕತೆಯೇ ಇರಲಿಲ್ಲವೆಂದು ಲೋಕವು ತಿಳಿಯುತ್ತದೆ.

ಮೂರು ವರ್ಷವೂ ತುಂಬುವ ಮೊದಲೇ ದಕ್ಷಿಣ ದೇಶಕ್ಕೆ ಮಹಾಕ್ಷಾಮವು ಬಂದೊದಗಿತು. ಮೈಸೂರು ಸೀಮೆಯ ಹಿರಿಯರು ಇದನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆದರು. ೧೮೭೬ರಿಂದ ೧೮೭೮ರ ವರೆಗೆ ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು ಪ್ರಾಂತಗಳೆಲ್ಲ ಇದಕ್ಕೆ ತುತ್ತಾದವು. ವೈಸರಾಯ ಲಾರ್ಡ್ ಲಿಟ್ಟನ್ನರ ಸರ್ಕಾರವು ೧೮೭೭ರ ಆರಂಭದಲ್ಲಿ ಅದೇ ಟೆಂಪಲ್ಲನನ್ನು ಬರಪೀಡಿತ ಪ್ರಾಂತಗಳಿಗೆ ಕಳುಹಿಸಿತು. ಆದರೆ ಈ ಸಲ ಆತನಿಗೆ ಇದ್ದ ಆದೇಶವು ಬೇರೆ: ಮಿತವ್ಯಯವೇ ಮುಖ್ಯ. ಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಅಲ್ಪಸ್ವಲ್ಪ ಕಾಸೂ ಸಾಕೆಂದು ಆತನು ಗೊತ್ತುಮಾಡಿದನು. ಒಂದು ಪೌಂಡೆಂದರೆ ಎಂಬತ್ತು ತೊಲದ ಸೇರಿನಲ್ಲಿ ಅರ್ಧಕ್ಕಿಂತ ತುಸು ಕಡಮೆ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಮೆ. ಇಡೀ ದಿನ ಮಣ್ಣು ಹೊತ್ತು ಕಲ್ಲು ಒಡೆಯುವವನ ಪಾಲಿಗೆ ಇಷ್ಟು!

ಇದನ್ನು ಎದುರಿಸಿ ನಿಂತವನು ಮದರಾಸಿನ ಆರೋಗ್ಯ ಇಲಾಖೆಯ ಕಮಿಷನರನಾಗಿದ್ದ ಡಾಕ್ಟರ್ ಕಾರ್ನಿಷ್. ದುಡಿಯುವ ದೇಹಕ್ಕೆ ಎಷ್ಟು ಆಹಾರವು ಬೇಕೆಂಬುದನ್ನು ಬೊಕ್ಕಸವು ಗೊತ್ತುಮಾಡಲಾರದು, ದೇಹವೇ ಗೊತ್ತುಮಾಡುವುದು ಎಂಬುದು ಆತನ ವಾದದ ತಿರುಳು. ಒಂದು ಪೌಂಡಿನಿಂದ ಕೂಲಿಗಳು ಕ್ರಮೇಣ ಸೊರಗಿ ಸಾಯುವರೆಂದು ಆತನು ಎಚ್ಚರಿಸಿದನು. ಶಿಬಿರಗಳ ಜನರು ಬಡಕಲಾದುದು ಎಲ್ಲರ ಕಣ್ಣಿಗೂ ಕಂಡಿತು. ಅದೇ ವರ್ಷ ಮದರಾಸು ಸರ್ಕಾರವು ಕೂಲಿಯನ್ನು ಮತ್ತೆ ಏರಿಸಬೇಕಾಯಿತು. ಆದರೆ ಆ ಕೆಲವು ತಿಂಗಳುಗಳಲ್ಲಿ ಹೋದವರು ಹಿಂದಿರುಗಲಿಲ್ಲ.

ಇಲ್ಲಿ ವಿಚಾರಿಸತಕ್ಕ ಅಂಶವೊಂದಿದೆ. ಬಿಹಾರದ ಟೆಂಪಲ್ಲನೂ ಮದರಾಸಿನ ಟೆಂಪಲ್ಲನೂ ಒಬ್ಬನೇ. ಮೂರು ವರ್ಷಗಳಲ್ಲಿ ಆತನ ವಿದ್ಯೆಯು ಕುಂದಲಿಲ್ಲ, ಅನುಭವವು ನಿಜವಾಗಿ ಹೆಚ್ಚಿತ್ತು. ಬದಲಾದದ್ದು ಆತನಿಗೆ ಹಾಕಿದ ಪ್ರಶ್ನೆ. ಜನರು ಸಾಯದಂತೆ ಮಾಡುವುದಕ್ಕೆ ಎಷ್ಟು ಹಣ ಬೇಕೆಂದು ಮೊದಲ ಸಲ ಕೇಳಿದರು. ಇಷ್ಟು ಹಣದೊಳಗೆ ಎಷ್ಟರಮಟ್ಟಿಗೆ ನಿಭಾಯಿಸಬಹುದೆಂದು ಎರಡನೆಯ ಸಲ ಕೇಳಿದರು. ಎರಡಕ್ಕೂ ಆತನು ಅಂಕಿಗಳಿಂದಲೇ ಉತ್ತರ ಕೊಟ್ಟನು. ಹಾಗಾದರೆ ಅಂಕಿಗಳಲ್ಲಿ ದಯೆಯೂ ಇಲ್ಲ, ಕ್ರೌರ್ಯವೂ ಇಲ್ಲ; ಪ್ರಶ್ನೆಯನ್ನು ಹಾಕಿದವರಲ್ಲಿ ಅವೆರಡೂ ಇರುತ್ತವೆ. ಆದರೂ ತಜ್ಞನು ನಿರ್ದೋಷಿಯೆಂದು ಹೇಳುವಂತಿಲ್ಲ. ಪ್ರಶ್ನೆಯೇ ತಪ್ಪೆಂದು ಹೇಳುವ ಧೈರ್ಯವೂ ತಜ್ಞತೆಯ ಒಂದಂಗವೇ. ಆ ಧೈರ್ಯವು ಕಾರ್ನಿಷನಿಗಿತ್ತು.

ಮೈಸೂರು ಸೀಮೆಯ ಗತಿಯನ್ನು ಜನಗಣತಿಯೇ ಹೇಳುತ್ತದೆ. ೧೮೭೧ರಲ್ಲಿ ಸೀಮೆಯ ಜನಸಂಖ್ಯೆ ೫೦ ಲಕ್ಷ ೫೫ ಸಾವಿರ. ೧೮೮೧ರಲ್ಲಿ ಅದು ೪೧ ಲಕ್ಷ ೮೬ ಸಾವಿರ. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನವು ಎಂಟೂವರೆ ಲಕ್ಷಕ್ಕಿಂತಲೂ ಅಧಿಕವಾಗಿ ಕಡಮೆಯಾಯಿತು. ಬರಕ್ಕೆ ಮುಂಚೆ ಹಣವನ್ನು ಉಳಿಸಿಕೊಂಡಿದ್ದ ಬೊಕ್ಕಸವು ೮೦ ಲಕ್ಷ ರೂಪಾಯಿಗಳ ಸಾಲದಲ್ಲಿ ಬಿದ್ದಿತು. ೧೮೮೧ರ ಮಾರ್ಚಿಯಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದಾಗ ದಿವಾನ್ ರಂಗಾಚಾರ್ಲು ಅವರಿಗೆ ದೊರೆತದ್ದು ಈ ಸಾಲದ ಹೊರೆ. ಅವರು ವೆಚ್ಚವನ್ನು ಬಿಗಿಹಿಡಿದರು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ೧೪೪ ಪ್ರತಿನಿಧಿಗಳ ಮುಂದೆ ರಾಜ್ಯದ ಆದಾಯವೇನು, ವೆಚ್ಚವೇನು ಎಂಬುದನ್ನು ಬಿಚ್ಚಿ ಹೇಳಿದರು. ಆ ಸಭೆಗೆ ಆಗ ಅಧಿಕಾರವಿರಲಿಲ್ಲವೆಂಬುದು ನಿಜ. ಆದರೂ ಲೆಕ್ಕವು ಕಚೇರಿಯ ಕೋಣೆಯಿಂದ ಹೊರಗೆ ಬಂದಿತು. ತೆರಿಗೆ ಕೊಡುವವನು ಅದನ್ನು ಕಿವಿಯಾರೆ ಕೇಳುವಂತಾಯಿತು.

ಇತ್ತ ಸರ್ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ನೇಮಕವಾದ ಕ್ಷಾಮ ಆಯೋಗವು ೧೮೮೦ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಮೈಸೂರಿನಲ್ಲಿ ಕ್ಷಾಮ ಕಮಿಷನರನಾಗಿ ಕೆಲಸ ಮಾಡಿದ್ದ ಚಾರ್ಲ್ಸ್ ಎಲಿಯಟ್ಟನೇ ಅದರ ಕಾರ್ಯದರ್ಶಿ. ಹೀಗೆ ಮೈಸೂರು ಸೀಮೆಯ ಸಂಕಟವು ಆ ವರದಿಗೆ ಒಂದು ಪಾಠವಾಯಿತೆನ್ನಬಹುದು. ವರದಿಯ ಆಧಾರದ ಮೇಲೆ ೧೮೮೩ರಲ್ಲಿ ಕ್ಷಾಮ ಸಂಹಿತೆಯು ಹುಟ್ಟಿತು. ಬರವು ಬಂದ ಮೇಲೆ ಯೋಚಿಸದೆ, ಬರುವ ಮುಂಚೆಯೇ ಅದರ ಗುರುತುಗಳನ್ನು ಹಿಡಿಯಬೇಕೆಂಬುದು ಅದರ ಜೀವಾಳ. ಧಾನ್ಯದ ಬೆಲೆಯು ಏರುವುದು, ಸಾಹುಕಾರನು ಸಾಲ ಕೊಡದೆ ಕೈಬಿಗಿಹಿಡಿಯುವುದು, ಜನರು ಊರು ಬಿಟ್ಟು ಅಲೆಯುವುದು, ಸಣ್ಣಪುಟ್ಟ ಕಳವುಗಳು ಹೆಚ್ಚುವುದು ಇವೇ ಮೊದಲಾದ ಲಕ್ಷಣಗಳು ಕಂಡೊಡನೆ ಪರೀಕ್ಷಾರ್ಥವಾಗಿ ಕಾಮಗಾರಿಯನ್ನು ತೆರೆಯತಕ್ಕದ್ದು; ಜನರು ಬಂದು ನೆರೆದರೆ ಅದನ್ನು ವಿಸ್ತರಿಸತಕ್ಕದ್ದು; ದುಡಿಯಲಾರದವರಿಗೆ ಪುಕ್ಕಟೆಯಾಗಿ ಅನ್ನ ಕೊಡತಕ್ಕದ್ದು; ಕಂದಾಯವನ್ನು ತಡೆಹಿಡಿಯತಕ್ಕದ್ದು; ತಗಾವಿ ಸಾಲವನ್ನು ಒದಗಿಸತಕ್ಕದ್ದು. ರೈತನು ಎಂದಿನಿಂದಲೂ ಬಲ್ಲ ಸಂಗತಿಗಳು ಹೀಗೆ ಸರ್ಕಾರದ ನಿಯಮಗಳಾದವು. ನಿಜವಾದ ತಜ್ಞತೆಯು ಊರಿನ ತಿಳಿವಳಿಕೆಯನ್ನು ತಳ್ಳಿಹಾಕುವುದಿಲ್ಲ, ಅದಕ್ಕೆ ಕ್ರಮವನ್ನು ಕೊಡುತ್ತದೆ.

ಇದರ ಜೊತೆಗೆ ಕ್ಷಾಮ ವಿಮೆಯೆಂಬ ಹೆಸರಿನಲ್ಲಿ ವರ್ಷಂಪ್ರತಿ ಒಂದೂವರೆ ಕೋಟಿ ರೂಪಾಯಿಗಳನ್ನು ಆಯವ್ಯಯದಲ್ಲಿ ತೆಗೆದಿಡುವುದೆಂದು ಗೊತ್ತಾಗಿ, ಅದಕ್ಕಾಗಿ ಹೊಸ ತೆರಿಗೆಗಳೂ ಬಂದವು. ಅಷ್ಟರಲ್ಲಿಯೇ ೧೮೭೮ರಲ್ಲಿ ಆಫ್‌ಘನ್ ಯುದ್ಧವು ಮೊದಲಾಯಿತು. ಬರಕ್ಕೆಂದು ಎತ್ತಿದ ಹಣವು ಬರಕ್ಕೇ ಮೀಸಲಾಗಿ ಉಳಿಯಲಿಲ್ಲವೆಂದು ಬಲವಾದ ಆಕ್ಷೇಪಣೆಗಳೆದ್ದವು. ಆಯವ್ಯಯದಲ್ಲಿ ಒಂದು ಹೆಸರನ್ನು ಬರೆದ ಮಾತ್ರಕ್ಕೆ ಹಣವು ಆ ಹೆಸರಿಗೆ ನಿಷ್ಠವಾಗಿ ನಿಲ್ಲುವುದೆಂಬ ಭರವಸೆಯಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಸಂಹಿತೆಯಿದ್ದರೂ ಸಾಲದು, ಅದನ್ನು ಜಾರಿಗೆ ತರುವ ಮನಸ್ಸು ಬೇಕೆಂಬುದಕ್ಕೆ ೧೯೪೩ರ ಬಂಗಾಳವೇ ನಿದರ್ಶನ. ಬರ್ಮಾ ದೇಶವು ಶತ್ರುವಶವಾಗಿ ಅಲ್ಲಿಯ ಅಕ್ಕಿಯು ನಿಂತಿತ್ತು. ೧೯೪೨ರ ಅಕ್ಟೋಬರಿನಲ್ಲಿ ಚಂಡಮಾರುತವು ಬೀಸಿತ್ತು. ಯುದ್ಧದ ವೆಚ್ಚದಿಂದ ಬೆಲೆಗಳು ಗಗನಕ್ಕೇರಿದ್ದವು. ಹೀಗಿದ್ದರೂ ಪ್ರಾಂತ ಸರ್ಕಾರವು ಸಂಹಿತೆಯ ಪ್ರಕಾರ ಕ್ಷಾಮವನ್ನು ಸಾರಲಿಲ್ಲ. ಸಾರಿದರೆ ಅದರಲ್ಲಿ ಹೇಳಿದಷ್ಟು ಧಾನ್ಯವನ್ನು ಕೊಡಲೇಬೇಕಾಗುವುದು, ಅಷ್ಟು ಧಾನ್ಯವು ಕೈಯಲ್ಲಿಲ್ಲ ಎಂಬುದು ಅಧಿಕಾರಿಗಳ ಅಳುಕು. ಕೊಡಲಾರದ ಕಾರಣ ಹಸಿವೆಂಬ ಹೆಸರನ್ನೇ ಎತ್ತಬಾರದೆಂಬ ತರ್ಕವಿದು! ಸರ್ಕಾರದ ಆರ್ಥಿಕ ಸಲಹೆಗಾರನಾದ ಸರ್ ಥಿಯೊಡೋರ್ ಗ್ರೆಗರಿಯ ಸಮಿತಿಯು ಅದೇ ವರ್ಷ ಹೊರದೇಶಗಳಿಂದ ಧಾನ್ಯವನ್ನು ತರಿಸಬೇಕೆಂದು ಸಲಹೆಯಿತ್ತಿತು. ಆದರೆ ಹಡಗುಗಳು ಯುದ್ಧಕ್ಕೆ ಮೀಸಲಾಗಿದ್ದವು. ತಜ್ಞನ ಮಾತು ಕಾಗದದಲ್ಲಿ ಉಳಿಯಿತು. ಸತ್ತವರು ಹದಿನೈದು ಲಕ್ಷವೆಂದು ೧೯೪೫ರ ಆಯೋಗವು ಹೇಳಿತು. ಮೂವತ್ತು ಲಕ್ಷದ ವರೆಗೂ ಇರಬಹುದೆಂದು ಮುಂದಿನ ವಿದ್ವಾಂಸರು ಎಣಿಸಿದರು. ಬಂಗಾಳದವರೇ ಆದ ಅಮರ್ತ್ಯ ಸೇನರು ೧೯೮೧ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಕ್ಷಾಮವನ್ನು ಶೋಧಿಸಿ, ನಾಡಿನಲ್ಲಿ ಧಾನ್ಯವು ಎಷ್ಟಿದೆಯೆಂಬುದಕ್ಕಿಂತಲೂ ಅದನ್ನು ಪಡೆಯುವ ಶಕ್ತಿಯು ಬಡವನಿಗೆ ಇದೆಯೇ ಎಂಬುದೇ ಮುಖ್ಯವಾದ ಪ್ರಶ್ನೆಯೆಂದು ತೋರಿಸಿಕೊಟ್ಟರು. ಕೂಲಿಕಾರರು, ಬೆಸ್ತರು, ಕೈಕಸುಬಿನವರು ಮೊದಲು ಸತ್ತುದು ಇದಕ್ಕೆ ಪ್ರಮಾಣ.

ಸ್ವಾತಂತ್ರ್ಯವು ಬಂದ ಮೇಲೆ ಈ ಪಾಠವು ಪೂರ್ತಿಯಾಗಿ ವ್ಯರ್ಥವಾಗಲಿಲ್ಲ. ೧೯೭೨–೭೩ರಲ್ಲಿ ಮಹಾರಾಷ್ಟ್ರಕ್ಕೆ ಘೋರವಾದ ಬರ ಬಂದಾಗ ಪರಿಹಾರದ ಕಾಮಗಾರಿಗಳಲ್ಲಿ ಒಂದು ಹಂತದಲ್ಲಿ ಐವತ್ತು ಲಕ್ಷಕ್ಕೆ ಸಮೀಪವಾದ ಜನರು ದುಡಿದರು. ಕೂಲಿಯಿಂದ ಕೈಗೆ ಕಾಸು ಬಂದುದರಿಂದ ಧಾನ್ಯವೂ ಅವರಿದ್ದಲ್ಲಿಗೆ ಬಂದಿತು. ಆ ಅನುಭವದಿಂದಲೇ ಅಲ್ಲಿ ಉದ್ಯೋಗ ಖಾತರಿಯ ಯೋಜನೆಯು ಬೆಳೆಯಿತು. ೨೦೦೫ರಲ್ಲಿ ದೇಶಕ್ಕೆಲ್ಲ ಅನ್ವಯಿಸುವಂತೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನಗಳ ಕೆಲಸವನ್ನು ವಿಧಿಸಿದ ಶಾಸನವಾಯಿತು. ಮೊದಲು ಸರ್ಕಾರದ ಕೃಪೆಯಾಗಿದ್ದುದು ಹೀಗೆ ಪ್ರಜೆಯ ಹಕ್ಕಾಯಿತು.

ಬರವಿಲ್ಲದ ವರ್ಷಕ್ಕೂ ಈ ವಿಚಾರವು ಅನ್ವಯಿಸುತ್ತದೆ. ಅರ್ಥಶಾಸ್ತ್ರಜ್ಞರಾದ ಡಾಕ್ಟರ್ ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಕರ್ನಾಟಕದ ತಾಲ್ಲೂಕುಗಳನ್ನು ಒಂದೊಂದಾಗಿ ಅಳೆದು, ೧೭೫ರಲ್ಲಿ ೧೧೪ ಹಿಂದುಳಿದವೆಂದು ಹೇಳಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ ೩೯ರ ಪೈಕಿ ೨೧ ಗುಲ್ಬರ್ಗಾ ವಿಭಾಗದವು. ಎಂಟು ವರ್ಷಗಳಲ್ಲಿ ೩೧ ಸಾವಿರ ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸಮಿತಿಯು ಸೂಚಿಸಿತು. ಇಲ್ಲಿ ಕೊರತೆಯನ್ನು ಮೊದಲು ಅಳೆದು, ಹಣವನ್ನು ಅದರ ಹಿಂದೆ ಹಂಚುವ ಕ್ರಮವು ಕಾಣುತ್ತದೆ. ಆಯವ್ಯಯಕ್ಕೆ ಇದೇ ಸರಿಯಾದ ಕ್ರಮ. ಆದರೆ ವರದಿಯು ತಾನಾಗಿಯೇ ಕೆರೆಯ ಹೂಳೆತ್ತುವುದಿಲ್ಲ, ಶಾಲೆಯ ಗೋಡೆಯನ್ನು ಕಟ್ಟುವುದಿಲ್ಲ.

ಆದುದರಿಂದ ಸದ್ಭಕ್ತರೇ, ವರ್ಷಕ್ಕೊಮ್ಮೆ ಆಯವ್ಯಯವು ಮಂಡನೆಯಾದಾಗ, ಅದು ಪಂಡಿತರ ವಿಷಯವೆಂದು ಕಣ್ಣು ಮುಚ್ಚಿಕೊಳ್ಳುವುದು ಪ್ರಜೆಗೆ ತಕ್ಕದ್ದಲ್ಲ. ಅಂಕಿಗಳ ಸೂಕ್ಷ್ಮವು ಎಲ್ಲರಿಗೂ ತಿಳಿಯಬೇಕಾಗಿಲ್ಲ. ತಜ್ಞನಿಗೆ ಹಾಕಿದ ಪ್ರಶ್ನೆ ಯಾವುದು, ಆತನು ಹೇಳಿದ್ದರಲ್ಲಿ ನಡೆದದ್ದೆಷ್ಟು, ಯಾವ ಹೆಸರಿನಲ್ಲಿ ಎತ್ತಿದ ಹಣವು ಯಾವುದಕ್ಕೆ ಸಂದಿತು ಎಂಬಿಷ್ಟನ್ನು ಕೇಳುವುದಕ್ಕೆ ಸಾಮಾನ್ಯ ವಿವೇಕವು ಸಾಕು. ಧಾತು ಈಶ್ವರದ ಬರದಲ್ಲಿ ಹೀಗೆ ಕೇಳುವುದಕ್ಕೆ ಜನರಿಗೆ ಸಭೆಯಿರಲಿಲ್ಲ, ಮತವಿರಲಿಲ್ಲ. ಅವರ ಪರವಾಗಿ ಒಬ್ಬ ವೈದ್ಯನು ಕೇಳಬೇಕಾಯಿತು. ಇಂದು ಸಭೆಯೂ ಇದೆ, ಮತವೂ ಇದೆ. ಕೇಳುವ ಹೊಣೆಯು ಇನ್ನು ಪ್ರಜೆಯದೇ.