ಹಿಮ್ಮಡಿಯ ನರ

ದೀಪಾವಳಿ ಮುಗಿಯಿತೆಂದರೆ ನಮ್ಮ ಚಿಕ್ಕೇರೂರಿನ ಸುತ್ತ ಹೋರಿ ಹಬ್ಬದ ಗದ್ದಲ. ಹೋರಿಯ ಕೊರಳಿನ ಕೊಬ್ಬರಿ ಹಾರಕ್ಕೆ ಕೈಹಾಕಲು ಓಡುವ ಹುಡುಗ ತಟ್ಟನೆ ಕುಸಿದು, "ಹಿಂದಿಂದ ಯಾರೋ ಒದ್ದಂಗಾತು" ಅಂದರೆ, ಹಿಮ್ಮಡಿ ನರ ಹರೀತು ಅನ್ನುತ್ತೇವೆ. ಹರಿದದ್ದು ನರವಲ್ಲ. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಬಿಗಿದ ಸ್ನಾಯುರಜ್ಜು ಅದು.

ಹಳೆಯ ಗ್ರೀಕರಿಗೂ ಎರಡಕ್ಕೂ ಒಂದೇ ಶಬ್ದವಿತ್ತು. ರಜ್ಜುವಿಗೆ ಸೂಜಿ ತಾಗಿದರೆ ಸೆಳವು ಬಂದೀತೆಂದು 2ನೇ ಶತಮಾನದ ವೈದ್ಯ ಗೇಲನ್ ಹೆದರಿದ. ಆ ಹೆದರಿಕೆ ಯುರೋಪಿನಲ್ಲಿ ಶತಮಾನಗಟ್ಟಲೆ ಉಳಿಯಿತು. ನಮ್ಮ ಸುಶ್ರುತಸಂಹಿತೆ ದೇಹವನ್ನು ಹಲಗೆ ಬಿಗಿದು ಕಟ್ಟಿದ ದೋಣಿಗೆ ಹೋಲಿಸಿ, ಆ ಕಟ್ಟುಗಳಂಥ ಸ್ನಾಯುವಿನ ಪೆಟ್ಟು ಎಲುಬಿನ ಪೆಟ್ಟಿಗಿಂತ ಕಠಿಣ ಅನ್ನುತ್ತದೆ. ಎಣ್ಣೆ, ಬಿಸಿ ಪಟ್ಟು, ಕಟ್ಟು, ತಿಕ್ಕುವುದು, ಸುಡುವುದು ಅದರ ಚಿಕಿತ್ಸೆ. ಉಳುಕು ತೆಗೆಯುವ ಹಿರಿಯರ ಕೈಯಲ್ಲಿ ಇವು ಇಂದಿಗೂ ಉಳಿದಿವೆ.

ಆಮೇಲೆ ಬಂದದ್ದು ಸ್ಟೀರಾಯ್ಡ್ ಇಂಜೆಕ್ಷನ್. ಕೆಲವು ವಾರ ನೋವು ಇಳಿಯುತ್ತದೆ. ಆದರೆ ಮೊಣಕೈಯ ರಜ್ಜು ನೋವಿನವರಲ್ಲಿ ತಿಂಗಳುಗಳ ನಂತರ ಚುಚ್ಚಿಸಿಕೊಳ್ಳದವರೇ ಮೇಲು ಎಂದು 2010ರ ಹೊತ್ತಿಗೆ ಸ್ಪಷ್ಟವಾಯಿತು.

ನನಗೆ ಬಹಳ ದೊಡ್ಡದೆನಿಸುವುದು ಸ್ವೀಡನ್ನಿನ ವೈದ್ಯ ಹೋಕನ್ ಆಲ್‌ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕೆಲಸ. ಹಿಮ್ಮಡಿ ನೋವು ಹಳತಾಗಿ ಓಡಲಾಗದ 15 ಮಂದಿಯನ್ನು ಅವರು ಮೆಟ್ಟಿಲಂಚಿನಲ್ಲಿ ನಿಲ್ಲಿಸಿದರು. ಮುಂಗಾಲ ಮೇಲೆ ಭಾರ ಹಾಕಿ, ನೊಂದ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಬೇಕು. ಮೇಲೇಳುವುದು ಇನ್ನೊಂದು ಕಾಲಿನ ಬಲದಿಂದ. ಹದಿನೈದರಂತೆ ಮೂರು ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ಅಷ್ಟೂ ಜನ ಮತ್ತೆ ಓಡಿದರು. ಪುಂಡಿನಾರಿನ ಹಗ್ಗ ಹೊಸೆದವರಿಗೆ ಇದು ಅರ್ಥವಾದೀತು: ಎಳೆತ ಬಿದ್ದರೇ ಎಳೆ ನೆಟ್ಟಗೆ ಕೂರುವುದು. ಬರೀ ಮಲಗಿದರೆ ರಜ್ಜು ಇನ್ನಷ್ಟು ಸಡಿಲ.

ಇದು ಹಳೆಯ ನೋವಿಗೆ. ಈಗಷ್ಟೇ ಕುಸಿದ ಹುಡುಗನಿಗಲ್ಲ. ಅವನನ್ನು ಬೋರಲು ಮಲಗಿಸಿ, ಪಾದವನ್ನು ಮಂಚದಾಚೆ ಬಿಟ್ಟು, ಮೀನಖಂಡ ಹಿಂಡಿ ನೋಡಿ. ಪಾದ ಅಲುಗದಿದ್ದರೆ ರಜ್ಜು ಪೂರ್ತಿ ಹರಿದಿರುತ್ತದೆ. ತಿಕ್ಕಬೇಡಿ, ಅಂದೇ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಆಗಲೂ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಕೆನಡಾದಲ್ಲಿ 144 ಜನರನ್ನು ಎರಡು ಗುಂಪು ಮಾಡಿ ನೋಡಿದ 2010ರ ಅಧ್ಯಯನದಲ್ಲಿ, ಬೆರಳು ಕೆಳಮುಖವಾಗಿ ಪಾದ ಕಟ್ಟಿ, ಬೇಗನೆ ಹದವಾಗಿ ನಡೆಸಿದವರಲ್ಲಿ ರಜ್ಜು ಮತ್ತೆ ಹರಿದದ್ದು ಹೊಲಿಸಿಕೊಂಡವರಷ್ಟೇ ವಿರಳ. ತಡ ಮಾಡಿದರೆ ಮಾತ್ರ ಹರಿದ ತುದಿಗಳು ದೂರ ಸರಿಯುತ್ತವೆ. ಆಮೇಲೆ ಹೊಲಿಗೆಯೂ ಕಷ್ಟ. ಹೋರಿಯ ಹಿಂದೆ ಅವನು ಓಡುವುದು ಏನಿದ್ದರೂ ಮುಂದಿನ ದೀಪಾವಳಿಗೆ.