ಮಗ್ಗದ ಮೇಲಿನ ರಟ್ಟು



ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸವುಳ್ಳ ತರುಣರು ಗಣಕವನ್ನೂ ಅದರ ತಂತ್ರಾಂಶವನ್ನೂ ತೀರ ಹೊಸ ವಿದ್ಯೆಗಳೆಂದೆಣಿಸುವುದುಂಟು. ಅಂಥವರು ಚಿತ್ರದುರ್ಗ ಜಿಲ್ಲೆಯ ಎರಡು ತಾಲ್ಲೂಕುಗಳ ಮಗ್ಗಗಳನ್ನು ನೋಡತಕ್ಕದ್ದು.

ಚಳ್ಳಕೆರೆಯ ಕಡೆಯ ಕಂಬಳಿಯದು ಸಾದಾ ನೇಯ್ಗೆ. ಹಾಸಿನ ಎಳೆಗಳು ಎರಡು ಪಾಲಾಗಿ ಸರದಿಯಂತೆ ಎದ್ದರೆ ಸಾಕು. ಮೊಳಕಾಲ್ಮೂರಿನ ರೇಷ್ಮೆಸೀರೆಯ ಅಂಚಿನಲ್ಲಿಯಾದರೋ ಹೂವೊಂದು ಮೂಡಬೇಕಾದರೆ ಎಳೆಯೆಳೆಗೂ ಬೇರೆ ಆಜ್ಞೆ ಬೇಕು. ಆ ಆಜ್ಞೆಯನ್ನು ಕೊಡತಕ್ಕದ್ದು ಜಕಾರ್ಡ್ ಎಂಬ ಉಪಕರಣದ ರಟ್ಟು. ರಂಧ್ರವಿದ್ದೆಡೆ ಸೂಜಿ ತೂರುತ್ತದೆ, ಕೊಕ್ಕೆ ಎಳೆಯನ್ನೆತ್ತುತ್ತದೆ. ಇಲ್ಲದೆಡೆ ರಟ್ಟು ಸೂಜಿಯನ್ನು ಹಿಂದೂಡುವುದರಿಂದ ಎಳೆ ಕೆಳಗೇ ಉಳಿಯುತ್ತದೆ. ಹೌದು, ಅಲ್ಲ ಎಂಬೆರಡೇ ಮಾತುಗಳಲ್ಲಿ ಹೂವೆಲ್ಲ ಅಡಗಿದೆ.

ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡನು ಈ ಸಾಧನವನ್ನು 1804ರಲ್ಲಿ ರೂಪಿಸಿದನು. 1830ರ ದಶಕದಲ್ಲಿ ಆಂಗ್ಲ ಗಣಿತಜ್ಞ ಬ್ಯಾಬೇಜನು ತಾನು ಯೋಜಿಸಿದ ಗಣನಯಂತ್ರಕ್ಕೆ ಅದೇ ರಟ್ಟನ್ನು ಎರವಲು ಪಡೆದನು. ಅಮೆರಿಕದ 1890ರ ಜನಗಣತಿಯನ್ನು ಎಣಿಸಿದ್ದೂ ರಂಧ್ರ ಕೊರೆದ ರಟ್ಟುಗಳಿಂದಲೇ. ಗಣಕದ ವಂಶವೃಕ್ಷದಲ್ಲಿ ಮಗ್ಗವು ಹಿರಿಯರ ಸ್ಥಾನದಲ್ಲಿದೆ.

ಈಗ ರಟ್ಟಿನ ಬದಲು ವಿದ್ಯುನ್ಮಾನ ಜಕಾರ್ಡ್ ಬಂದಿದೆ. ರಟ್ಟು ಕೊರೆಯುವ ಶ್ರಮ ಉಳಿಯುತ್ತದೆ, ವಿನ್ಯಾಸ ಬೇಗ ಬದಲಾಗುತ್ತದೆ. ಅದು ಲಾಭವೇ ಸರಿ. ಆದರೆ ರಟ್ಟಿನಲ್ಲಿ ತಪ್ಪು ರಂಧ್ರವಿದ್ದರೆ ನೇಕಾರನು ಕಣ್ಣಿನಿಂದಲೇ ಕಂಡು, ಕಾಗದದ ಚೂರೊಂದನ್ನು ಅಂಟಿಸಿ ಸರಿಪಡಿಸಬಲ್ಲನು. ಮುಚ್ಚಿದ ಪೆಟ್ಟಿಗೆ ಕೆಟ್ಟರೆ ಅವನು ಪಟ್ಟಣದ ತಜ್ಞನಿಗಾಗಿ ಕಾಯಬೇಕು. ಕಾದಷ್ಟು ದಿನವೂ ಮಗ್ಗ ನಿಂತಿರುತ್ತದೆ, ಕೂಲಿಯೂ ನಿಂತಿರುತ್ತದೆ. ಆದುದರಿಂದ ಯಂತ್ರಪ್ರಿಯರಾದ ತರುಣರು ಹೊಸ ಉಪಕರಣವನ್ನು ಮಗ್ಗಕ್ಕೆ ಕೂಡಿಸುವ ಮುನ್ನ, ಅದನ್ನು ಬಿಚ್ಚಿ ತಿದ್ದುವ ಬಗೆಯನ್ನು ನೇಕಾರನಿಗೆ ಮೊದಲು ಕಲಿಸಲಿ.