ಎಂಜಿನುಗಳ ಬೀಡುಕಬ್ಬಿಣದ ಹೊಗೆಭಾಗಕ್ಕೆ ತುಕ್ಕು ಹಿಡಿಯದಂತೆ ಮಾಡುವ ಕ್ರಮ
(ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ತಿಳಿವಳಿಕೆಗಾಗಿ ಮಾಡಿದ ಉಪನ್ಯಾಸ)



ಉಳುವ ಟ್ರ್ಯಾಕ್ಟರಾಗಲಿ, ನೀರೆತ್ತುವ ಡೀಸೆಲ್ ಎಂಜಿನಾಗಲಿ ರೈತನ ಮನೆಗೆ ಬಂದ ಮೇಲೆ ಅದರ ಎಣ್ಣೆ, ನೀರು, ಫಿಲ್ಟರುಗಳ ವಿಷಯದಲ್ಲಿ ತಕ್ಕಮಟ್ಟಿನ ಆರೈಕೆಯು ನಡೆಯುತ್ತಿರುವುದು. ಆದರೆ ಎಂಜಿನಿನ ಪಕ್ಕಕ್ಕೆ ಬಿಗಿದಿರುವ, ಸಿಲಿಂಡರುಗಳಿಂದ ಹೊರಡುವ ಹೊಗೆಯನ್ನೆಲ್ಲಾ ಒಟ್ಟುಗೂಡಿಸಿ ಸೈಲೆನ್ಸರಿಗೆ ಸಾಗಿಸುವ ಬೀಡುಕಬ್ಬಿಣದ ಭಾಗವನ್ನು ಲಕ್ಷಿಸುವವರು ಕಡಮೆ. ಮೆಕ್ಯಾನಿಕರು ಇದನ್ನು ಮ್ಯಾನಿಫೋಲ್ಡು ಎಂದು ಕರೆಯುವರು. ಹೊಸದರಲ್ಲಿ ಬಣ್ಣದಿಂದ ಕೂಡಿರುವ ಈ ಭಾಗವು ಎರಡು ಮಳೆಗಾಲ ಕಳೆಯುವುದರೊಳಗಾಗಿ ಕೆಮ್ಮಣ್ಣು ಬಳಿದಂತೆ ಆಗುವುದು.

ಇದರಿಂದ ನಷ್ಟವೇನೆಂದು ಕೇಳಬಹುದು. ಬೀಡಿನ ಗೋಡೆಯು ದಪ್ಪವಾದುದರಿಂದ ಹೊರಮೈಯ ತುಕ್ಕು ಅದನ್ನು ತಿಂದು ತೂತುಮಾಡಲು ಬಹುಕಾಲ ಬೇಕು. ಬರಿಯ ಅಂದಕ್ಕಾಗಿ ಬಣ್ಣ ಹಚ್ಚುವುದಾದರೆ ಅದು ಅಷ್ಟೇನೂ ಅವಶ್ಯವಲ್ಲ. ನಿಜವಾದ ಹಾನಿಯು ಕೂಡುಭಾಗಗಳಲ್ಲಿ ಉಂಟಾಗುವುದು. ಮ್ಯಾನಿಫೋಲ್ಡನ್ನು ಎಂಜಿನಿಗೆ ಬಿಗಿದಿರುವ ಬೋಲ್ಟು ನಟ್ಟುಗಳು ತುಕ್ಕಿನಿಂದ ಒಂದಕ್ಕೊಂದು ಕಚ್ಚಿಕೊಳ್ಳುವುವು. ನಡುವಣ ಪ್ಯಾಕಿಂಗು ಸುಟ್ಟು ಹೋದ ದಿನ ಅದನ್ನು ಬದಲಾಯಿಸಲೆಂದು ಪಾನಾ ಹಾಕಿ ತಿರುಗಿಸಿದರೆ ನಟ್ಟು ಬಿಚ್ಚುವುದಕ್ಕೆ ಬದಲಾಗಿ ಬೋಲ್ಟೇ ಮುರಿದು ಅರ್ಧವು ಒಳಗೆ ಉಳಿಯುವುದು. ಅದನ್ನು ಕೊರೆದು ತೆಗೆಯಲು ಯಂತ್ರವನ್ನು ಪಟ್ಟಣಕ್ಕೆ ಸಾಗಿಸಬೇಕಾದೀತು. ಇಂತಹ ಕೆಲಸವು ಬಿತ್ತನೆಯ ಹದವಿರುವ ವಾರದಲ್ಲಿಯೇ ಬಂದೊದಗಿದರೆ ಆ ರೈತನ ಗತಿಯನ್ನು ವಿವರಿಸಬೇಕಾದುದಿಲ್ಲ. ಇದಲ್ಲದೆ ಕೂಡುಭಾಗದಿಂದ ಸೋರುವ ಬಿಸಿಯ ಅನಿಲವು ಕಣದ ಒಣಹುಲ್ಲಿಗೆ ಬೆಂಕಿಯನ್ನು ತಗುಲಿಸಬಲ್ಲದು. ಮುಚ್ಚಿದ ಪಂಪಿನ ಮನೆಯಲ್ಲಿ ಸೋರಿದರೆ ಪ್ರಾಣಕ್ಕೇ ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೆಟ್ರೋಲು, ಸೀಮೆಎಣ್ಣೆಗಳಿಂದ ನಡೆಯುವ ಎಂಜಿನುಗಳಲ್ಲಿ ಇದರ ಪ್ರಮಾಣವು ಇನ್ನೂ ಹೆಚ್ಚು.

ಕಾವಿನಿಂದಲೇ ತುಕ್ಕು ಹಿಡಿಯುವುದೆಂದು ಅನೇಕರು ಭಾವಿಸಿರುವರು. ಇದು ಸರಿಯಲ್ಲ. ದುಡಿಯುತ್ತಿರುವ ಎಂಜಿನಿನ ಈ ಭಾಗದ ಮೇಲೆ ನೀರು ನಿಲ್ಲಲಾರದು. ನೀರಿಲ್ಲದೆ ಕೆಂಪು ತುಕ್ಕು ಇಲ್ಲ. ಕಾವು ಮಾಡುವ ಕೆಡಕೆಂದರೆ ಬಣ್ಣವನ್ನು ಸುಟ್ಟು ಕಬ್ಬಿಣವನ್ನು ಬೆತ್ತಲೆಯಾಗಿ ಬಿಡುವುದು. ತುಕ್ಕು ಹಿಡಿಯುವುದು ಆಮೇಲೆ, ಯಂತ್ರವು ತಣ್ಣಗೆ ನಿಂತಿರುವಾಗ. ಇಬ್ಬನಿ, ಸೋರುವ ಮಾಡು, ಪಕ್ಕದಲ್ಲಿ ಪೇರಿಸಿದ ರಾಸಾಯನಿಕ ಗೊಬ್ಬರದ ಚೀಲಗಳ ಪುಡಿ, ಕರಾವಳಿಯಲ್ಲಾದರೆ ಉಪ್ಪುಗಾಳಿ, ಇವೆಲ್ಲವೂ ಅದಕ್ಕೆ ಸಹಾಯಕಗಳು. ಒಳಭಾಗದಲ್ಲಿ ಮತ್ತೊಂದು ಕಾರಣವುಂಟು. ಒಂದು ಲೀಟರು ಡೀಸೆಲ್ ಉರಿದಾಗ ಹೆಚ್ಚುಕಡಮೆ ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುವುದು. ಎಂಜಿನನ್ನು ಐದು ನಿಮಿಷ ಮಾತ್ರ ನಡೆಸಿ ನಿಲ್ಲಿಸಿದರೆ ಕೊಳವೆಗಳು ಕಾಯದೆ, ಆ ಆವಿಯು ಒಳಗೇ ನೀರಾಗಿ ನಿಲ್ಲುವುದು. ಆದಕಾರಣ ಕೆಲಸವಿಲ್ಲದ ಕಾಲದಲ್ಲಿ ದಿನವೂ ಸ್ವಲ್ಪ ಹೊತ್ತು ಸುಮ್ಮನೆ ನಡೆಸುವ ರೂಢಿಯನ್ನು ಬಿಟ್ಟು, ಆಗಾಗ್ಗೆ ಅರ್ಧ ಗಂಟೆ ಭಾರ ಕೊಟ್ಟು ದುಡಿಸುವುದು ಮೇಲು.

ದೋಸೆಯ ಕಾವಲಿಗೆ ಎಣ್ಣೆ ಸವರಿ ತುಕ್ಕಿನಿಂದ ಕಾಪಾಡುವಂತೆ ಇದಕ್ಕೂ ಎಣ್ಣೆ ಬಳಿದರೆ ಸಾಲದೇ ಎಂದರೆ, ಸಾಲದು. ಪೂರ್ಣ ಭಾರದಲ್ಲಿ ಹೊಗೆಯ ಉಷ್ಣತೆಯು 400ರಿಂದ 600 ಡಿಗ್ರಿ ಸೆಂಟಿಗ್ರೇಡಿನವರೆಗೂ ಏರಬಹುದು. ಕಾವಲಿಗೆ ಇಷ್ಟು ಕಾವು ತಾಗುವುದಿಲ್ಲ. ಇಲ್ಲಿ ಎಣ್ಣೆಯು ಹೊಗೆಯಾಗಿ ಹೋಗುವುದು, ಹೊತ್ತಿಕೊಂಡರೂ ಆಶ್ಚರ್ಯವಿಲ್ಲ. ಬಾಗಿಲು ಕಿಟಕಿಗಳಿಗೆ ಹಚ್ಚುವ ಬಣ್ಣವೂ, ಅದರ ಅಡಿಗೆ ಹಚ್ಚುವ ಕೆಂಪು ಪ್ರೈಮರೂ ಇದೇ ರೀತಿಯಾಗಿ ಸುಟ್ಟು ಹೊಪ್ಪಳಿಕೆ ಏಳುವುವು. ಸತುವು 420 ಡಿಗ್ರಿಯ ಸುಮಾರಿಗೆ ಕರಗುವುದರಿಂದ ಸತುವಿನ ಲೇಪವೂ ಇದಕ್ಕೆ ತಕ್ಕದ್ದಲ್ಲ.

ಇದಕ್ಕೆ ಯೋಗ್ಯವಾದುದು ಸಿಲಿಕೋನ್ ಅಂಟಿನಲ್ಲಿ ಅಲ್ಯೂಮಿನಿಯಮ್ ಪುಡಿಯನ್ನು ಬೆರೆಸಿದ ಶಾಖನಿರೋಧಕ ಬಣ್ಣ. ಇದು ಬೆಳ್ಳಿಯಂತೆ ಬೂದುಬಣ್ಣವಾಗಿರುವುದು. ಸುಮಾರು 600 ಡಿಗ್ರಿಯವರೆಗೆ ತಾಳುವುದೆಂದು ಡಬ್ಬಿಯ ಮೇಲೆ ನಮೂದಾಗಿರುವುದನ್ನೇ ಕೊಳ್ಳತಕ್ಕದ್ದು. ಕಾವೇರಿದಾಗ ಇದರ ಅಂಟು ಬಹಳ ಮಟ್ಟಿಗೆ ಉರಿದುಹೋದರೂ ಅದರಲ್ಲಿರುವ ಸಿಲಿಕದ ಅಂಶವು ಅಲ್ಯೂಮಿನಿಯಮಿನೊಡನೆ ಸೇರಿ ಕಬ್ಬಿಣಕ್ಕೆ ಕಚ್ಚಿ ನಿಲ್ಲುವುದು.

ಬಣ್ಣಕ್ಕಿಂತಲೂ ಮೈಯನ್ನು ಸಿದ್ಧಪಡಿಸುವುದು ಮುಖ್ಯ. ಕೆಲಸ ಕೆಡುವುದು ಸಾಧಾರಣವಾಗಿ ಇಲ್ಲಿಯೇ. ಎಂಜಿನು ಪೂರ್ತಿಯಾಗಿ ತಣಿದ ಮೇಲೆ ತಂತಿಯ ಬ್ರಷ್ಷಿನಿಂದಲೂ ಉಜ್ಜುಕಾಗದದಿಂದಲೂ ತುಕ್ಕನ್ನೆಲ್ಲಾ ತಿಕ್ಕಿ ಬೂದುಬಣ್ಣದ ಲೋಹವು ಕಾಣುವಂತೆ ಮಾಡಬೇಕು. ಬಿಚ್ಚಿ ಪಟ್ಟಣಕ್ಕೆ ಕಳುಹಿಸಿ ಮರಳು ಊದಿಸುವ ಅನುಕೂಲವಿದ್ದರೆ ಅದೇ ಉತ್ತಮ. ಬಳಿಕ ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಎಣ್ಣೆಯ ಜಿಡ್ಡನ್ನು ಒರಸಿ, ಅನಂತರ ಕೈ ಸೋಕಿಸಬಾರದು. ಬೀಡಿನ ಸಣ್ಣ ರಂಧ್ರಗಳಲ್ಲಿ ಎಣ್ಣೆ ಅಡಗಿದ್ದು ಕಾದಾಗ ಮೇಲಕ್ಕೆ ಬರುವ ಸ್ವಭಾವವುಂಟಾದುದರಿಂದ, ಹಳೆಯ ಮ್ಯಾನಿಫೋಲ್ಡನ್ನು ಒಮ್ಮೆ ಬಿಸಿಮಾಡಿ ತಣಿಸಿ ಪುನಃ ಒರಸುವುದು ಒಳ್ಳೆಯದು. ಬಣ್ಣವನ್ನು ಬಹು ತೆಳುವಾಗಿ ಎರಡು ಸಾರಿ ಹಚ್ಚತಕ್ಕದ್ದು. ಎರಡನೆಯದಕ್ಕೆ ಮುಂಚೆ ಮೊದಲನೆಯದು ಡಬ್ಬಿಯಲ್ಲಿ ಹೇಳಿರುವಷ್ಟು ಹೊತ್ತು ಒಣಗಬೇಕು. ದಪ್ಪವಾಗಿ ಮೆತ್ತಿದರೆ ಹೆಚ್ಚು ಬಾಳುವುದೆಂಬುದು ತಪ್ಪು. ದಪ್ಪ ಲೇಪವೇ ಮೊದಲು ಸಿಡಿಯುವುದು. ಪ್ಯಾಕಿಂಗು ಕೂರುವ ಮುಖಕ್ಕೂ ಬೋಲ್ಟಿನ ಮರೆಗಳಿಗೂ ಬಣ್ಣ ತಾಗಕೂಡದು.

ಈ ಬಣ್ಣವು ಗಾಳಿಗೆ ಒಣಗಿದಂತೆ ಕಂಡರೂ ಪಕ್ವವಾಗಿರುವುದಿಲ್ಲ. 200 ಡಿಗ್ರಿಯ ಸುಮಾರಿನ ಕಾವು ತಗುಲಿದ ಮೇಲೆಯೇ ಗಟ್ಟಿಯಾಗುವುದು. ಆದಕಾರಣ ಎಂಜಿನನ್ನು ಮೊದಲು ಹತ್ತು ನಿಮಿಷ ಭಾರವಿಲ್ಲದೆ ನಡೆಸಿ ತಣಿಸಬೇಕು. ಅನಂತರ ಅರ್ಧ ಗಂಟೆ ಸ್ವಲ್ಪ ಭಾರದಲ್ಲಿ ನಡೆಸಿ ತಣಿಸಬೇಕು. ಪೂರ್ಣ ಭಾರವನ್ನು ಆಮೇಲೆ ಕೊಡತಕ್ಕದ್ದು. ಮೊದಲ ಸಾರಿ ವಾಸನೆಯೂ ಹೊಗೆಯೂ ಬರುವುದರಿಂದ ಇದನ್ನು ಬಯಲಿನಲ್ಲಿ ನಡೆಸಬೇಕು. ಹೀಗೆ ಪಕ್ವವಾಗದ ಬಣ್ಣದ ಯಂತ್ರವನ್ನು ಮಳೆಯಲ್ಲಿ ನಿಲ್ಲಿಸಿದರೆ ಪಟ್ಟ ಶ್ರಮವು ವ್ಯರ್ಥ.

ಬಿಚ್ಚಿದ ಸಮಯದಲ್ಲಿಯೇ ಬೋಲ್ಟುಗಳ ಮರೆಗಳಿಗೆ ತಾಮ್ರದ ಅಥವಾ ಗ್ರಾಫೈಟಿನ ಪುಡಿ ಬೆರೆಸಿದ, ಕಾವಿಗೆ ತಾಳುವ ಗ್ರೀಸನ್ನು ಸವರಿ ಹಾಕತಕ್ಕದ್ದು. ಯಾರಿಗಾದರೂ ಬಣ್ಣದ ಗೊಡವೆ ಬೇಡವೆನಿಸಿದರೆ ಈ ಒಂದು ಕೆಲಸವನ್ನಾದರೂ ಬಿಡಬಾರದು. ನೆಟ್ಟಗೆ ನಿಂತ ಹೊಗೆಕೊಳವೆಯ ಬಾಯಿಗೆ ರಾತ್ರಿ ಒಂದು ಖಾಲಿ ಡಬ್ಬಿಯನ್ನು ಬೋರಲು ಹಾಕುವ ಪದ್ಧತಿಯು ಬಹಳ ಒಳ್ಳೆಯದು. ಬೆಳಗ್ಗೆ ತೆಗೆಯುವುದನ್ನು ಮರೆಯಬಾರದು. ಕಾದ ಮ್ಯಾನಿಫೋಲ್ಡಿನ ಮೇಲೆ ತಣ್ಣೀರು ಎರಚಿ ತೊಳೆಯುವುದು ಮಾತ್ರ ಸರ್ವಥಾ ಕೂಡದು. ಬೀಡು ಬಾಗದು, ಸೀಳುವುದು. ಸೀಳಿದುದನ್ನು ಬೆಸೆಯಬಲ್ಲವರು ವಿರಳ.

ಈ ಕೆಲಸಕ್ಕೆ ಭರಣಿ ಮಳೆಗೆ ಮುಂಚಿನ ಬಿಸಿಲುಕಾಲವು ಪ್ರಶಸ್ತವಾದುದು. ಅರ್ಧ ಲೀಟರಿನ ಡಬ್ಬಿಯು ಹಲವು ಎಂಜಿನುಗಳಿಗೆ ಸಾಕಾಗುವುದು. ಒಮ್ಮೆ ತೆರೆದ ಡಬ್ಬಿಯನ್ನು ಬಹುಕಾಲ ಇಡಲಾಗದು. ಗ್ರಾಮದ ಮುಖಂಡರು ಎಂಜಿನು ಇರುವವರನ್ನು ಸೇರಿಸಿ, ಒಂದೇ ಡಬ್ಬಿಯನ್ನು ಎಲ್ಲರ ವೆಚ್ಚದಲ್ಲಿ ತರಿಸಿ, ಒಬ್ಬ ಮೆಕ್ಯಾನಿಕನನ್ನು ಒಂದೆರಡು ದಿನ ಊರಿಗೆ ಕರೆಸಿ, ಯಾವತ್ತೂ ಯಂತ್ರಗಳಿಗೆ ಒಂದೇ ಸಲ ಹಚ್ಚಿಸಿದರೆ ಖರ್ಚು ಹಗುರವಾಗುವುದು.